ಬಯಲು, ಬೆಟ್ಟ, ಕಡಲು: ಎಲೆಕ್ಟ್ರಿಕ್ ಕಾರಿನ ರೇಂಜ್ ಹುಡುಕಿಕೊಂಡು

ನಮ್ಮ ಕಾರಿನ ಕಾಗದದಲ್ಲಿ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಹೋಗುವ ದೂರ, 450 ಕಿ.ಮೀ. ಎಂದಿದೆ. ಬ್ಯಾಟರಿಯಲ್ಲಿ ಓಡಿಸಲು ಸಿಗುವುದು 60 ಕಿಲೋವಾಟ್-ಅವರ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 60 ಯೂನಿಟ್. ಮುಂದೆ ಎಲ್ಲಾ ಕಡೆ ಯೂನಿಟ್ ಅಂತಲೇ ಬರೆಯುತ್ತೇನೆ, ಅದೇ ಸುಲಭ.

ಅಕ್ಕ, ಭಾವ, ಅವರ ಮಗಳು ಮತ್ತು ನಾನು ಹೊರಟಿದ್ದೆವು. ಡಿಕ್ಕಿ ತುಂಬ ಸಾಮಾನು. ಜನ, ಸಾಮಾನು ಎಲ್ಲಾ ಸೇರಿ ಕಾರಿನ ತೂಕ ಹತ್ತಿರ ಹತ್ತಿರ 2 ಟನ್. ಬಯಲಿನ ಹೆದ್ದಾರಿಯಲ್ಲಿ ಹೋಗಿ, ಬೆಟ್ಟ ಹತ್ತಿ, ಮೇಲೆ ಚಳಿಯಲ್ಲಿ ಇದ್ದು, ಇನ್ನೊಂದು ಕಡೆಯಿಂದ ಇಳಿದು, ಕಡಲ ಬದಿಯ ದಾರಿ ಹಿಡಿದು ವಾಪಸ್ ಬರುವುದು ನಮ್ಮ ಪ್ಲಾನು. ಊರುಗಳ ಹೆಸರು ಬರೆಯುತ್ತಿಲ್ಲ. ರೇಂಜಿನ ವಿಷಯದಲ್ಲಿ ಊರಿಗಿಂತ ದಾರಿಯ ಸ್ವಭಾವ ಮುಖ್ಯ. ಬಯಲು ಎಲ್ಲಿದ್ದರೂ ಬಯಲೇ, ಏರು ಎಲ್ಲಿದ್ದರೂ ಏರೇ.

ಪ್ರತಿ ಹಂತಕ್ಕೂ ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಹೊರಟಾಗ ಎಷ್ಟು ಪರ್ಸೆಂಟ್, ತಲುಪಿದಾಗ ಎಷ್ಟು, 100 ಕಿ.ಮೀ.ಗೆ ಎಷ್ಟು ಯೂನಿಟ್ ಹೋಯಿತು ಎಂದು ಬರೆದಿಡುವುದು ಅಕ್ಕನ ಮಗಳ ಕೆಲಸ. ಅವಳು ಅದನ್ನು ಬಹಳ ಶ್ರದ್ಧೆಯಿಂದ ಮಾಡಿದಳು. ಕೆಳಗಿನ ಅಂಕಿಗಳೆಲ್ಲ ಅವಳ ಪುಸ್ತಕದವೇ.

ಮೊದಲನೇ ದಿನ: ಬಯಲು

ಬೆಳಗ್ಗೆ ಬೇಗ ಹೊರಟೆವು. ಬ್ಯಾಟರಿ 100%. ಎರಡು ದೊಡ್ಡ ಚೀಲಗಳನ್ನು ಕಾರಿನ ಮೇಲೆ ಕಟ್ಟೋಣ ಎಂದು ಭಾವ ಹೇಳಿದರು. "ಬೇಡ ಭಾವ, ಕಾಲ ಹತ್ತಿರ ಇಟ್ಟುಕೊಳ್ಳೋಣ" ಅಂದೆ. ಹೆದ್ದಾರಿಯಲ್ಲಿ ಕಾರು ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುವುದು ಗಾಳಿಯನ್ನು ಸೀಳುವುದಕ್ಕೆ. ಮೇಲೆ ಚೀಲ ಕಟ್ಟಿದರೆ ಆ ಗಾಳಿಗೆ ನಾವೇ ಅಡ್ಡ ನಿಂತ ಹಾಗೆ. ಅದೇ ತೂಕ ಒಳಗಿದ್ದರೆ ಸಮತಟ್ಟು ರಸ್ತೆಯಲ್ಲಿ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ.

ಮೊದಲ 100 ಕಿ.ಮೀ. ನಾನು ಓಡಿಸಿದೆ. ವೇಗ 80, ಬೆಳಗಿನ ತಂಪು, ಎಸಿ ಬೇಕಿರಲಿಲ್ಲ. 13 ಯೂನಿಟ್ ಹೋಯಿತು, ಬ್ಯಾಟರಿ 78%ಕ್ಕೆ ಬಂತು. ಹೀಗೇ ಹೋದರೆ ಕಾಗದದ 450 ಸಿಗುತ್ತದೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಕಂಪನಿಗಳು ಹೇಳುವ ಅಂಕಿ ಪೂರ್ತಿ ಸುಳ್ಳು ಎಂದು ತುಂಬಾ ಜನ ನಂಬಿದ್ದಾರೆ. ಸುಳ್ಳಲ್ಲ. ಅದು ಒಂದು ಬಗೆಯ ಓಟದ ಅಂಕಿ, ಅಷ್ಟೇ.

ಆಮೇಲೆ ಭಾವ ಕೂತರು. ರಸ್ತೆ ಅಗಲವಾಗಿತ್ತು, ಖಾಲಿಯಿತ್ತು. ಅವರು ಪೆಟ್ರೋಲ್ ಕಾರು ಓಡಿಸುವ ಅಭ್ಯಾಸದಲ್ಲೇ 110ರಲ್ಲಿ ನಿಲ್ಲಿಸಿದರು. ಮುಂದಿನ 100 ಕಿ.ಮೀ.ಗೆ 18 ಯೂನಿಟ್ ಹೋಯಿತು. ಬ್ಯಾಟರಿ 48%.

"ಇದೇನು, ಇಷ್ಟು ಬೇಗ ಇಳಿಯಿತು?" ಎಂದರು ಭಾವ.

ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 110ಕ್ಕೆ ಹೋದರೆ ತಡೆ ಹೆಚ್ಚುಕಡಿಮೆ 1.9 ಪಟ್ಟಾಗುತ್ತದೆ. 120ಕ್ಕೆ ಹೋದರೆ 2.25 ಪಟ್ಟು. ಟೈರು ರಸ್ತೆಗೆ ಉಜ್ಜುವ ತಡೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ನಿಧಾನ ಹೋಗುವಾಗ ಟೈರು, ತೂಕ ಇವು ಮುಖ್ಯ. ಜೋರಾಗಿ ಹೋಗುವಾಗ ಗಾಳಿಯೊಂದೇ ಉಳಿದೆಲ್ಲವನ್ನೂ ಹಿಂದೆ ಹಾಕುತ್ತದೆ.

ಪೆಟ್ರೋಲ್ ಕಾರಿಗೂ ಇದೇ ಗಾಳಿ ಅಲ್ವಾ, ಅಲ್ಲಿ ಯಾಕೆ ಇಷ್ಟು ಕಾಣುವುದಿಲ್ಲ ಎಂದು ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ನಮ್ಮ ಇಡೀ ಬ್ಯಾಟರಿಯಲ್ಲಿರುವುದು 7 ಲೀಟರ್ ಪೆಟ್ರೋಲಿಗಿಂತಲೂ ಕಡಿಮೆ. ಅಷ್ಟರಲ್ಲೇ ಈ ಕಾರು 300, 400 ಕಿ.ಮೀ. ಹೋಗುತ್ತದೆ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಮೂರನೇ ಎರಡು ಪಾಲನ್ನು, ಕೆಲವೊಮ್ಮೆ ಇನ್ನೂ ಜಾಸ್ತಿಯನ್ನು, ಸುಮ್ನೆ ಶಾಖವಾಗಿ ಹೊರಗೆ ಬಿಡುತ್ತದೆ. ಅಷ್ಟು ದೊಡ್ಡ ಪೋಲಿನ ನಡುವೆ ಗಾಳಿಯ ಖರ್ಚು ಎದ್ದು ಕಾಣುವುದಿಲ್ಲ. ಎಲೆಕ್ಟ್ರಿಕ್ ಮೋಟರಿನಲ್ಲಿ ಪೋಲಾಗುವುದು ತೀರಾ ಕಡಿಮೆ. ಹಾಗಾಗಿ ಗಾಳಿ, ಏರು, ಹೀಟರ್, ಟೈರಿನ ಗಾಳಿ, ಪ್ರತಿಯೊಂದರ ಖರ್ಚೂ ನೇರವಾಗಿ ಪರ್ಸೆಂಟಿನಲ್ಲಿ ಕಾಣುತ್ತದೆ.

ಮಧ್ಯಾಹ್ನ ಬಿಸಿಲು 35 ಡಿಗ್ರಿ. ಮೂರನೇ 100 ಕಿ.ಮೀ. ವೇಗ 100, ಎಸಿ ಆನ್. 17 ಯೂನಿಟ್‌ನ ಹತ್ತಿರ ಹೋಯಿತು. ಅದರಲ್ಲಿ ಎಸಿಯ ಪಾಲು ಒಂದೂವರೆ ಯೂನಿಟ್ ಇರಬಹುದು. ಎಸಿ ಆಫ್ ಮಾಡಿ ಬೆವರುತ್ತಾ ರೇಂಜ್ ಉಳಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಹೆದ್ದಾರಿಯಲ್ಲಿ 10 ಕಿ.ಮೀ. ವೇಗ ಕಡಿಮೆ ಮಾಡಿದರೆ ಎಸಿಯ ಖರ್ಚಿನಷ್ಟಾದರೂ ಉಳಿಯುತ್ತದೆ.

300 ಕಿ.ಮೀ. ಮುಗಿದಾಗ ಬ್ಯಾಟರಿ 20%. ಆ ದಿನ ತಂಗುವ ಜಾಗದ ಪಕ್ಕದಲ್ಲೇ ಫಾಸ್ಟ್ ಚಾರ್ಜರ್ ಇತ್ತು. ಅದರ ಗನ್, ಅಂದರೆ ಕೇಬಲ್ ತುದಿಯ ಪ್ಲಗ್, ಕಾರಿಗೆ ಸಿಕ್ಕಿಸಿ ಕೂತೆವು. 20ರಿಂದ 80%ಕ್ಕೆ ಮುಕ್ಕಾಲು ಗಂಟೆಗೆ ಸ್ವಲ್ಪ ಜಾಸ್ತಿ ಆಯಿತು. 80ರಲ್ಲಿ ಗನ್ ತೆಗೆದೆ. ಅಲ್ಲಿಂದ ಮುಂದೆ ಸೆಲ್‌ಗಳ ವೋಲ್ಟೇಜ್ ತನ್ನ ಮಿತಿ ಮುಟ್ಟುತ್ತದೆ, ಕರೆಂಟ್ ಇಳಿಸಲೇಬೇಕು. ಬಿಂದಿಗೆ ಕಂಠದ ತನಕ ತುಂಬಿದ ಮೇಲೆ ಚೆಲ್ಲದಂತೆ ನಲ್ಲಿ ಸಣ್ಣ ಮಾಡುವ ಹಾಗೆ. ಕೊನೆಯ 20%ಕ್ಕೆ ಇನ್ನೂ ಮುಕ್ಕಾಲು ಗಂಟೆ ಕಾಯಬೇಕಾಗುತ್ತಿತ್ತು.

ದೂರದ ಪ್ರಯಾಣದಲ್ಲಿ ಇದರಿಂದ ಲೆಕ್ಕವೇ ಬದಲಾಗುತ್ತದೆ. ಮನೆಯಿಂದ ಹೊರಡುವಾಗ ಮಾತ್ರ 100% ಇರುತ್ತದೆ. ಆಮೇಲಿನ ಪ್ರತಿ ಹಂತವೂ 80%ರಿಂದ ಶುರುವಾಗಿ 15ಕ್ಕೋ 20ಕ್ಕೋ ನಿಲ್ಲುತ್ತದೆ. ಓಡಿಸಲು ಸಿಗುವುದು 60, 65%. ಎಸಿ ಹಾಕಿ 100ರ ವೇಗದಲ್ಲಿ ಹೋದರೆ ಅದು 210ರಿಂದ 230 ಕಿ.ಮೀ. 450 ಎಂದು ಬರೆದ ಕಾರಿನಲ್ಲಿ, ಒಂದು ಚಾರ್ಜರಿನಿಂದ ಇನ್ನೊಂದಕ್ಕೆ.

ಕಾಯುವ ಹೊತ್ತಿನಲ್ಲಿ ಭಾವನಿಗೆ 450 ಎಲ್ಲಿಂದ ಬಂತು ಎಂದು ವಿವರಿಸಿದೆ. ಯುರೋಪಿನಲ್ಲಿ 2017ರಿಂದ ಹೊಸ ಮಾದರಿಗಳಿಗೆ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆ ಇದೆ. ಕಾರನ್ನು ಒಂದು ಕೋಣೆಯೊಳಗೆ ರೋಲರುಗಳ ಮೇಲೆ ಓಡಿಸುತ್ತಾರೆ. 30 ನಿಮಿಷದ ಓಟ, 23 ಕಿ.ಮೀ.ಗೆ ಸ್ವಲ್ಪ ಜಾಸ್ತಿ ದೂರ. ವೇಗ 131ರ ತನಕ ಹೋಗುತ್ತದೆ, ಆದರೆ ಸರಾಸರಿ 46.5 ಮಾತ್ರ. ಕೋಣೆಯ ಉಷ್ಣತೆ 23 ಡಿಗ್ರಿ, ಎಸಿ ಆಫ್. ಅದಕ್ಕೂ ಹಿಂದೆ ಇದ್ದ ಎನ್‌ಇಡಿಸಿ ಇನ್ನೂ ಮೆತ್ತಗಿತ್ತು. ಸರಾಸರಿ ವೇಗ 34ರ ಹತ್ತಿರ. ಭಾರತದ ಎಂಐಡಿಸಿ ಅದನ್ನೇ ಆಧರಿಸಿದ್ದು, ಅದರಲ್ಲಿ ವೇಗ 90 ದಾಟುವುದಿಲ್ಲ. ಚೀನಾದ ಸಿಎಲ್‌ಟಿಸಿಯಲ್ಲಿ ಸರಾಸರಿ 29. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿ ಪ್ರಯೋಗಶಾಲೆಯಲ್ಲಿ ಬಂದ ಅಂಕಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಇಳಿಸುತ್ತಾರೆ. ಒಂದೇ ಕಾರಿಗೆ ನಾಲ್ಕು ಕಡೆ ನಾಲ್ಕು ರೇಂಜ್ ಬರುವುದು ಹೀಗೆ. ಕಾಗದದಲ್ಲಿ ಕಿ.ಮೀ. ನೋಡುವ ಮೊದಲು ಅದರ ಪಕ್ಕದಲ್ಲಿ ಯಾವ ಪರೀಕ್ಷೆಯ ಹೆಸರಿದೆ ಎಂದು ನೋಡಬೇಕು.

ಎರಡನೇ ದಿನ: ಏರು

80%ರಿಂದ ಹೊರಟೆವು. ಬೆಟ್ಟದ ಬುಡದ ತನಕ 60 ಕಿ.ಮೀ. ಸಮತಟ್ಟು. ಅಲ್ಲಿ ಬ್ಯಾಟರಿ 67%. ಅಲ್ಲಿಂದ ಮೇಲಕ್ಕೆ ಇನ್ನೊಂದು 60 ಕಿ.ಮೀ., ಅಷ್ಟರಲ್ಲಿ 1,500 ಮೀಟರ್ ಏರಬೇಕು.

ಹತ್ತುವ ಖರ್ಚನ್ನು ಮೊದಲೇ ಲೆಕ್ಕ ಹಾಕಬಹುದು. 2 ಟನ್ ತೂಕವನ್ನು 1,000 ಮೀಟರ್ ಎತ್ತುವುದಕ್ಕೆ 5.4 ಯೂನಿಟ್ ಬೇಕು. ಮೋಟರ್, ಗೇರುಗಳಲ್ಲಿ ಹೋಗುವುದನ್ನು ಸೇರಿಸಿದರೆ 6. ನಮ್ಮ ಬ್ಯಾಟರಿಯಲ್ಲಿ ಅದು ಸರಿಯಾಗಿ 10%. ಪ್ರತಿ 1,000 ಮೀಟರ್ ಏರಿಗೆ 10% ಎಂದು ಇಟ್ಟುಕೊಂಡರೆ, 1,500 ಮೀಟರಿಗೆ 15%. ಅದರ ಮೇಲೆ 60 ಕಿ.ಮೀ. ದೂರದ ಖರ್ಚು ಬೇರೆ. ಹೊರಡುವ ಮೊದಲು ಮ್ಯಾಪಿನಲ್ಲಿ ದೂರ ನೋಡುವ ನಾವು ಎತ್ತರವನ್ನೂ ನೋಡಬೇಕು. ಈಗ ಅದು ಫೋನಿನಲ್ಲೇ ಸಿಗುತ್ತದೆ.

ಅರ್ಧ ದಾರಿಯಲ್ಲಿ ಅಕ್ಕ ಡ್ಯಾಶ್‌ಬೋರ್ಡ್ ನೋಡಿ ಗಾಬರಿಯಾದಳು. "ಏನೋ ಇದು, ಬುಡದಲ್ಲಿ 300 ಕಿ.ಮೀ. ತೋರಿಸ್ತಿತ್ತು. ನಾವು ಬಂದಿರೋದು 30. ಈಗ 190 ಅಂತಿದೆಯಲ್ಲೋ!"

ಆ ಅಂಕಿ ಅಂದಾಜು, ಅಕ್ಕ. ಕಾರಿಗೆ ಮುಂದಿನ ದಾರಿ ಗೊತ್ತಿಲ್ಲ. ಇಷ್ಟು ಹೊತ್ತು ಎಷ್ಟು ಖರ್ಚಾಯಿತೋ ಮುಂದೆಯೂ ಅಷ್ಟೇ ಆಗುತ್ತದೆ ಎಂದುಕೊಂಡು ಉಳಿದ ದೂರ ಹೇಳುತ್ತದೆ. ಏರಿನಲ್ಲಿ ಅದು ಇಡೀ ಪ್ರಪಂಚವೇ ಏರು ಎಂದುಕೊಳ್ಳುತ್ತದೆ. ನಂಬಬೇಕಾದದ್ದು ಪರ್ಸೆಂಟ್. ಆ ಉಳಿದ ದೂರದ ಅಂಕಿಯನ್ನು ಸ್ಕ್ರೀನಿನಿಂದ ತೆಗೆದುಬಿಟ್ಟೆ. ನಮ್ಮ ಕಾರಿನಲ್ಲಿ ಅದಕ್ಕೆ ಆಯ್ಕೆ ಇದೆ. ಪರ್ಸೆಂಟ್ ಮಾತ್ರ ಉಳಿಯಿತು, ಅಕ್ಕನಿಗೂ ನೆಮ್ಮದಿಯಾಯಿತು.

ಮೇಲೆ ತಲುಪಿದಾಗ 42%. ಏರಿಗೆ 25% ಹೋಗಿತ್ತು, ಲೆಕ್ಕಕ್ಕೆ ಬಹಳ ಹತ್ತಿರ. ತಂಗುವ ಮನೆಯಲ್ಲಿ ಮಾಮೂಲಿ ದಪ್ಪ ಪಿನ್ನಿನ ಪ್ಲಗ್ ಇತ್ತು. ಗಂಟೆಗೆ 3 ಯೂನಿಟ್‌ಗಿಂತ ಜಾಸ್ತಿ ಅದು ಕೊಡುವುದಿಲ್ಲ. ರಾತ್ರಿ ಪೂರ್ತಿ ಇದೆಯಲ್ಲ, ಅಷ್ಟು ಸಾಕು. ಚಾರ್ಜ್ ಮಿತಿಯನ್ನು 80%ಕ್ಕೆ ಇಟ್ಟೆ. "100 ಮಾಡ್ಕೋ, ಸುಮ್ನೆ ಯಾಕೆ ಬಿಡ್ತೀಯಾ?" ಎಂದರು ಭಾವ. ಬೆಟ್ಟದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಇಳಿಯುವಾಗ ಸಿಗುವ ಕರೆಂಟಿಗೆ ಜಾಗವೇ ಇರುವುದಿಲ್ಲ. ರೀಜೆನ್, ಅಂದರೆ ಮೋಟರೇ ಕಾರನ್ನು ತಡೆದು ಕರೆಂಟ್ ಮಾಡಿ ಬ್ಯಾಟರಿಗೆ ತುಂಬುವುದು, ಆಗ ಕೆಲಸ ಮಾಡುವುದಿಲ್ಲ, ಇಡೀ ಇಳಿಜಾರನ್ನು ಬ್ರೇಕ್ ಪ್ಯಾಡುಗಳೇ ಹೊರಬೇಕು. ರೇಂಜಿಗಿಂತ ಇದು ಸುರಕ್ಷತೆಯ ಮಾತು.

ಮೂರನೇ ದಿನ: ಚಳಿ

ಬೆಳಗ್ಗೆ ಹೊರಗೆ 2 ಡಿಗ್ರಿ. ಗಾಜಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಸೂರ್ಯೋದಯ ನೋಡಲು 6 ಕಿ.ಮೀ. ದೂರದ ಗುಡ್ಡಕ್ಕೆ ಹೊರಟೆವು. ಹೀಟರ್ ಜೋರಾಗಿ ಹಾಕಿದೆವು. ತಲುಪಿದಾಗ ಟ್ರಿಪ್ ಮೀಟರ್ 100 ಕಿ.ಮೀ.ಗೆ 34 ಯೂನಿಟ್ ಎಂದಿತು. ಅಕ್ಕನ ಮಗಳು "ಮಾಮಾ, ಇದು ತಪ್ಪಿರಬೇಕು" ಎಂದು ಎರಡು ಸಲ ನೋಡಿದಳು. ತಪ್ಪಿರಲಿಲ್ಲ.

ನಮ್ಮ ಕಾರಿನ ಹೀಟರ್ ಕರೆಂಟಿನಿಂದ ಸುರುಳಿ ಕಾಯಿಸಿ ಬಿಸಿ ಗಾಳಿ ಬಿಡುವ ಬಗೆಯದು. ಶುರುವಿನಲ್ಲಿ 4 ಕಿಲೋವಾಟ್ ಎಳೆಯುತ್ತದೆ. ಕಾಲು ಗಂಟೆಗೆ 1 ಯೂನಿಟ್. ಅದೇ ಕಾಲು ಗಂಟೆಯಲ್ಲಿ ನಾವು ಹೋಗಿದ್ದು 6 ಕಿ.ಮೀ. ಮಾತ್ರ, ಆ ದೂರಕ್ಕೆ ಕಾರು ಓಡಿಸಲು ಬೇಕಿದ್ದದ್ದೂ 1 ಯೂನಿಟ್‌ನಷ್ಟೇ. ಹೀಗೆ ಖರ್ಚು ಎರಡು ಪಟ್ಟಾಯಿತು. ಅದೇ ಹೀಟರ್ ಹಾಕಿಕೊಂಡು ಹೆದ್ದಾರಿಯಲ್ಲಿ ಎರಡು ಗಂಟೆ ಹೋದರೆ ಇಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಒಳಗೆ ಒಮ್ಮೆ ಬೆಚ್ಚಗಾದ ಮೇಲೆ ಹೀಟರ್ ಕಡಿಮೆ ಎಳೆಯುತ್ತದೆ, ದೂರವೂ ಜಾಸ್ತಿ ಆಗುತ್ತದೆ. ಚಳಿಯಲ್ಲಿ ರೇಂಜ್ ತಿನ್ನುವುದು ಮುಖ್ಯವಾಗಿ ಚಿಕ್ಕ ಚಿಕ್ಕ ಓಡಾಟ. ಪೆಟ್ರೋಲ್ ಕಾರಿಗೆ ಈ ತೊಂದರೆ ಇಲ್ಲ, ಅದರ ಎಂಜಿನ್ ಹೇಗೂ ಶಾಖ ಪೋಲು ಮಾಡುತ್ತಿರುತ್ತದೆ, ಅದನ್ನೇ ಒಳಗೆ ತಿರುಗಿಸಿದರಾಯಿತು.

ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಪರೀಕ್ಷಿಸಿತ್ತು. ಮೈನಸ್ 7 ಡಿಗ್ರಿ ಚಳಿಯಲ್ಲಿ ಹೀಟರ್ ಹಾಕಿದರೆ ರೇಂಜ್ ಸರಾಸರಿ 41% ಇಳಿಯಿತು. ಹೀಟರ್ ಆಫ್ ಇದ್ದಾಗ ಇಳಿದದ್ದು 12% ಮಾತ್ರ. 35 ಡಿಗ್ರಿ ಬಿಸಿಯಲ್ಲಿ ಎಸಿ ಹಾಕಿದಾಗ 17%. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಳಿಯಲ್ಲಿ ಬ್ಯಾಟರಿ ಸೋಮಾರಿಯಾಗುವುದು ನಿಜ, ಆದರೆ ಜಾಸ್ತಿ ಪಾಲು ನಮ್ಮನ್ನು ಬೆಚ್ಚಗಿಡಲು ಹೋಗುತ್ತದೆ. ಎಸಿ ಬರೀ ಹತ್ತು ಹನ್ನೆರಡು ಡಿಗ್ರಿ ಇಳಿಸಿದರೆ ಸಾಕು. ಹೀಟರ್ ಮೈನಸ್ 7ರಿಂದ 22ಕ್ಕೆ ಏರಿಸಬೇಕು. ನಾರ್ವೆಯ ವಾಹನ ಮಾಲೀಕರ ಸಂಘ ಎನ್‌ಎಎಫ್ 2020ರಿಂದ ಚಳಿಗಾಲದಲ್ಲಿ ಹಲವು ಕಾರುಗಳನ್ನು ಒಟ್ಟಿಗೆ, ಬ್ಯಾಟರಿ ಖಾಲಿಯಾಗುವ ತನಕ, ನಿಜವಾದ ರಸ್ತೆಯಲ್ಲೇ ಓಡಿಸಿ ನೋಡುತ್ತಿದೆ. ಬೇಸಿಗೆಯಲ್ಲೂ ಅದೇ ಓಟ ಮಾಡುತ್ತಾರೆ. ಇಂಥ ಪರೀಕ್ಷೆ ಪ್ರತಿ ದೇಶದಲ್ಲೂ, ಅಲ್ಲಲ್ಲಿನ ಹವೆಯಲ್ಲಿ ನಡೆಯಬೇಕು. ಕೊಳ್ಳುವವರಿಗೆ ಕೋಣೆಯೊಳಗಿನ ಅಂಕಿಗಿಂತ ಅದು ಎಷ್ಟೋ ಮೇಲು.

ಬ್ಯಾಟರಿಯೊಳಗೆ ಆಗುವುದೇನು? ಲಿಥಿಯಂ ಅಯಾನುಗಳು ಒಂದು ತುದಿಯಿಂದ ಇನ್ನೊಂದಕ್ಕೆ ದ್ರವದ ಮೂಲಕ ಹೋಗಬೇಕು. ಚಳಿಯಲ್ಲಿ ಆ ಓಡಾಟ ನಿಧಾನವಾಗುತ್ತದೆ, ಒಳಗಿನ ತಡೆ ಜಾಸ್ತಿಯಾಗುತ್ತದೆ. ಚಾರ್ಜ್ ಮಾಡುವಾಗ ಇದು ಇನ್ನೂ ಸೂಕ್ಷ್ಮ. ತಣ್ಣಗಿರುವ ಸೆಲ್‌ಗೆ ಜೋರಾಗಿ ಕರೆಂಟ್ ತುಂಬಿದರೆ ಲಿಥಿಯಂ ಒಳಗೆ ಸೇರುವ ಬದಲು ಮೇಲ್ಮೈಯಲ್ಲೇ ಲೋಹವಾಗಿ ಕೂತುಬಿಡುತ್ತದೆ. ಅದು ಬ್ಯಾಟರಿಗೆ ಶಾಶ್ವತ ಪೆಟ್ಟು. ಅದಕ್ಕೇ ಕಾರು ತಾನಾಗಿಯೇ ತಡೆಯುತ್ತದೆ. ಆ ಬೆಳಗ್ಗೆ ಗುಡ್ಡದಿಂದ ಇಳಿಯುವಾಗ ರೀಜೆನ್ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಆಕ್ಸಿಲರೇಟರ್ ಪೆಡಲ್ ಬಿಟ್ಟರೆ ಎಂದಿನ ಹಾಗೆ ಕಾರು ನಿಲ್ಲುತ್ತಿರಲಿಲ್ಲ. ಹೊಸಬರು ಇಂಥ ಕಡೆ ಬ್ರೇಕ್ ಒತ್ತಲು ಸಿದ್ಧವಾಗಿಯೇ ಇರಬೇಕು.

ವಾಪಸ್ ಬಂದು ಪ್ಲಗ್ ಹಾಕಿದೆ. ಮುಂದಿನ ಸಲ ಹೊರಡುವ 20 ನಿಮಿಷ ಮೊದಲೇ, ಪ್ಲಗ್‌ನಲ್ಲಿರುವಾಗಲೇ, ಫೋನಿನಿಂದ ಹೀಟರ್ ಆನ್ ಮಾಡಿದೆ. ಒಳಗೆ ಬೆಚ್ಚಗಾಗುವ ಖರ್ಚಿನ ದೊಡ್ಡ ಪಾಲು ಗೋಡೆಯ ಕರೆಂಟಿನಿಂದ ಹೋಯಿತು. ಆಮೇಲೆ ಓಡಿಸುವಾಗ ಹೀಟರನ್ನು 18ಕ್ಕೆ ಇಳಿಸಿ ಸೀಟಿನ ಬಿಸಿ ಹಾಕಿಕೊಂಡೆವು. ಸೀಟ್ ಬಿಸಿ ಮಾಡಲು ನೂರು ವಾಟ್ ಸಹ ಬೇಡ. ಮೈಗೆ ತಾಗಿಯೇ ಇರುವುದರಿಂದ ಬೇಗ ಹಿತವಾಗುತ್ತದೆ. ಹೀಟ್ ಪಂಪ್ ಇರುವ ಕಾರಾಗಿದ್ದರೆ ಇನ್ನೂ ಒಳ್ಳೆಯದಿತ್ತು. ಅದು ಹೊರಗಿನ ಗಾಳಿಯಿಂದಲೇ ಶಾಖ ಎಳೆದು ತರುತ್ತದೆ, 1 ಯೂನಿಟ್ ಕರೆಂಟಿಗೆ 2 ಯೂನಿಟ್‌ನಷ್ಟೋ ಅದಕ್ಕೂ ಜಾಸ್ತಿಯೋ ಬಿಸಿ ಕೊಡುತ್ತದೆ. ಚಳಿ ಪ್ರದೇಶದವರು ಕಾರು ಕೊಳ್ಳುವಾಗ ದೊಡ್ಡ ಸ್ಕ್ರೀನಿಗಿಂತ ಮೊದಲು ಇದನ್ನು ಕೇಳಬೇಕು.

ಇಡೀ ದಿನದ 40 ಕಿ.ಮೀ. ಓಡಾಟಕ್ಕೆ 16% ಹೋಯಿತು. ಟೈರಿನ ಗಾಳಿಯೂ ಇಳಿದಿತ್ತು. ಹೊರಗಿನ ಬಿಸಿ ಪ್ರತಿ 10 ಡಿಗ್ರಿ ಇಳಿದಾಗ ಟೈರಿನಲ್ಲಿ 2 ಪಿಎಸ್‌ಐ ಹತ್ತಿರ ಕಡಿಮೆಯಾಗುತ್ತದೆ. ಸಂಜೆ ತುಂಬಿಸಿಕೊಂಡೆವು, ಕೆಳಗೆ ಇಳಿದ ಮೇಲೆ ಮತ್ತೆ ನೋಡಿ ಸರಿ ಮಾಡಿದೆವು.

ನಾಲ್ಕನೇ ದಿನ: ಇಳಿಜಾರು

80%ರಲ್ಲಿ ಹೊರಟು, ಇನ್ನೊಂದು ಮಗ್ಗುಲಿನಿಂದ ಇಳಿದೆವು. ಅದೂ 60 ಕಿ.ಮೀ., ಇಳಿಯುವುದೂ ಸುಮಾರು 1,500 ಮೀಟರ್. ಒಂದೇ ಪೆಡಲಿನಲ್ಲಿ ತಿರುವುಗಳನ್ನು ಇಳಿಸಿಕೊಂಡು ಬರುವುದು ಎಷ್ಟು ಹಿತ ಎಂದು ಓಡಿಸಿದವರಿಗೇ ಗೊತ್ತು. ಬ್ರೇಕ್ ಮುಟ್ಟಿದ್ದು ಬಹಳ ಕಡಿಮೆ. ಕೆಳಗೆ ಬಂದಾಗ ಬ್ಯಾಟರಿ 83%.

ಭಾವನಿಗೆ ಸ್ವಲ್ಪ ನಿರಾಸೆ. "ಹತ್ತುವಾಗ 25 ತಗೊಂಡು, ಇಳಿಯುವಾಗ ಬರೀ 3 ಕೊಡ್ತಾ?"

ಹಾಗೆ ನೋಡಬಾರದು. ಇಳಿಯುವಾಗಲೂ 60 ಕಿ.ಮೀ. ದೂರ ಹೋಗಿದ್ದೇವೆ. ಆ ದೂರದ ಖರ್ಚನ್ನು ಇಳಿಜಾರೇ ಕೊಟ್ಟು, ಮೇಲೆ 3% ಉಳಿಸಿದೆ. ಹತ್ತಿದ್ದು ಇಳಿದದ್ದು ಎರಡೂ ಸೇರಿದರೆ 120 ಕಿ.ಮೀ.ಗೆ 22%, ಅಂದರೆ 13 ಯೂನಿಟ್. 100 ಕಿ.ಮೀ.ಗೆ 11. ಬಯಲಿನಲ್ಲಿ 80ರ ವೇಗದಲ್ಲಿ ಹೋದಾಗ 13 ಆಗಿತ್ತು. ಬೆಟ್ಟ ಹತ್ತಿ ಇಳಿದದ್ದು ಬಯಲಿಗಿಂತ ಕಡಿಮೆ ಖರ್ಚಿನಲ್ಲಿ ಆಯಿತು! ಕಾರಣ ಮತ್ತೆ ವೇಗವೇ. ತಿರುವಿನ ದಾರಿಯಲ್ಲಿ ನಾವು 45 ದಾಟಲಿಲ್ಲ, ಗಾಳಿಯ ತಡೆ ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ಎತ್ತರಕ್ಕೆ ಕೊಟ್ಟ ಶಕ್ತಿಯಲ್ಲಿ ಬಹುಪಾಲು ವಾಪಸ್ ಸಿಕ್ಕಿತು. ಪೆಟ್ರೋಲ್ ಕಾರಿನಲ್ಲಿ ಇಳಿಯುವಾಗ ಮಿಕ್ಕುವ ಶಕ್ತಿ ಬ್ರೇಕು, ಎಂಜಿನ್‌ನಲ್ಲಿ ಬಿಸಿಯಾಗಿ ಹೋಗುತ್ತಿತ್ತು.

ಬೆಟ್ಟವೆಂದರೆ ಎಲೆಕ್ಟ್ರಿಕ್ ಕಾರಿಗೆ ಆಗದು ಎನ್ನುವ ಮಾತು ಅಲ್ಲಲ್ಲಿ ಕೇಳುತ್ತೇನೆ. ನನ್ನ ಅನುಭವ ಪೂರ್ತಿ ಉಲ್ಟಾ. ಹತ್ತುವಷ್ಟು ಚಾರ್ಜ್ ಕೈಯಲ್ಲಿದ್ದರೆ ಬೆಟ್ಟದ ದಾರಿಯೇ ಇದಕ್ಕೆ ಹೇಳಿ ಮಾಡಿಸಿದ್ದು.

ಕುತೂಹಲಕ್ಕೆ ಉಳಿದ ದೂರದ ಅಂಕಿಯನ್ನು ಮತ್ತೆ ಸ್ಕ್ರೀನಿಗೆ ತಂದು ನೋಡಿದೆವು. 600ಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಈಗ ಅದಕ್ಕೆ ಇಡೀ ಪ್ರಪಂಚವೇ ಇಳಿಜಾರು. ಕಡಲ ಬದಿಯ ಊರಿಗೆ ಇನ್ನೂ 90 ಕಿ.ಮೀ. ಇತ್ತು. ತಲುಪಿದಾಗ 63%.

ಐದನೇ ದಿನ: ಗಾಳಿ, ಮಳೆ

ತಂಗಿದ್ದ ಕಡೆ ಚಾರ್ಜಿಂಗ್ ಇರಲಿಲ್ಲ. ಮುಂದಿನ ಫಾಸ್ಟ್ ಚಾರ್ಜರ್ 150 ಕಿ.ಮೀ. ದೂರ. ಕೈಯಲ್ಲಿ 63%. ಮಾಮೂಲಿ ಹವೆಯಲ್ಲಿ 90ರ ವೇಗಕ್ಕೆ 14 ಯೂನಿಟ್‌ನ ಲೆಕ್ಕ, 35% ಖರ್ಚು, ತಲುಪಿದಾಗ 28% ಉಳಿಯಬೇಕು. ಆರಾಮಾಗಿತ್ತು.

ಆದರೆ ಬೆಳಗ್ಗೆಯಿಂದ ಕಡಲಿನ ಗಾಳಿ ನೇರ ಎದುರಿಗೆ. ಮಳೆಯೂ ಹಿಡಿದುಕೊಂಡಿತು. 50 ಕಿ.ಮೀ. ಹೋಗುವಷ್ಟರಲ್ಲಿ 18% ಹೋಗಿ 45ಕ್ಕೆ ಬಂದಿತ್ತು. 100 ಕಿ.ಮೀ.ಗೆ 21 ಯೂನಿಟ್‌ಗಿಂತ ಜಾಸ್ತಿ.

ಈ ಅಂಕಿಯ ಹಿಂದಿನ ಲೆಕ್ಕ ಎಲ್ಲರೂ ತಿಳಿದಿರಬೇಕಾದದ್ದು. ಗಾಳಿಯ ತಡೆ ಕಾರಿನ ವೇಗಕ್ಕೆ ಅಲ್ಲ, ಕಾರಿಗೆ ಬಡಿಯುವ ಗಾಳಿಯ ವೇಗಕ್ಕೆ. ಕಾರು 90ರಲ್ಲಿದ್ದು ಎದುರು ಗಾಳಿ 30ರಲ್ಲಿದ್ದರೆ, ಕಾರಿನ ಮೂತಿಗೆ ಅದು 120ರ ಓಟ. ಸ್ಪೀಡೋಮೀಟರಿನಲ್ಲಿ ಅದು ಕಾಣುವುದಿಲ್ಲ. ಜೊತೆಗೆ ರಸ್ತೆಯ ಮೇಲಿನ ನೀರನ್ನು ಪ್ರತಿ ಟೈರೂ ಪಕ್ಕಕ್ಕೆ ತಳ್ಳಬೇಕು. ಮಳೆಯಲ್ಲಿ ಕಿಟಕಿ ಮಬ್ಬಾಗದಂತೆ ಬಿಸಿ ಗಾಳಿ, ವೈಪರ್, ದೀಪ, ಇವೆಲ್ಲ ಸಣ್ಣ ಪಾಲು. ದೊಡ್ಡ ಪಾಲು ಗಾಳಿ, ನೀರು.

ಉಳಿದ 100 ಕಿ.ಮೀ.ಯನ್ನು ಇದೇ ವೇಗದಲ್ಲಿ ಹೋದರೆ ಇನ್ನೂ 36% ಬೇಕು. ತಲುಪಿದಾಗ 9% ಉಳಿಯುತ್ತದೆ. ತಲುಪುತ್ತೇವೆ ನಿಜ. ಆದರೆ ಚಾರ್ಜರ್ ಕೆಟ್ಟಿದ್ದರೆ? ಅದರ ಮುಂದಿನದು ಇನ್ನೂ 25 ಕಿ.ಮೀ. ದೂರದಲ್ಲಿತ್ತು.

"ಭಾವ, ಎಪ್ಪತ್ತಕ್ಕೆ ಇಳಿಸಿ" ಅಂದೆ. ಅವರು ಮರುಮಾತಿಲ್ಲದೆ ಇಳಿಸಿದರು. ಮಳೆಯಲ್ಲಿ 70 ಹೇಗೂ ಒಳ್ಳೆಯ ವೇಗ. ಖರ್ಚು ಹದಿನೇಳೂವರೆಗೆ ಬಂತು. ತಲುಪಿದಾಗ 16%. ಆ 100 ಕಿ.ಮೀ.ಯಲ್ಲಿ ನಾವು ಕಳೆದುಕೊಂಡದ್ದು 20 ನಿಮಿಷ ಇರಬಹುದು. ಗಳಿಸಿದ್ದು 7%. ಈ ಗಾಳಿಯಲ್ಲೇ ಮುಂದಿನ ಚಾರ್ಜರಿಗೆ ಹೋಗುವಷ್ಟು.

ವೇಗದ ಬಗ್ಗೆ ನನ್ನ ನಿಲುವು ಇಲ್ಲೇ ಹೇಳಿಬಿಡುತ್ತೇನೆ. ಮೊದಲನೇ ದಿನ ಭಾವ 110ರಲ್ಲಿ ಹೋಗಿದ್ದರಿಂದ 100 ಕಿ.ಮೀ.ಗೆ 5 ಯೂನಿಟ್ ಜಾಸ್ತಿ ಖರ್ಚಾಯಿತು. ಫಾಸ್ಟ್ ಚಾರ್ಜರಿನಲ್ಲಿ ಅದು 6, 7 ನಿಮಿಷದ ಕಾಯುವಿಕೆ. ದಾರಿಯಲ್ಲಿ ಉಳಿತಾಯವಾದ ಸಮಯ 20 ನಿಮಿಷ. ದಾರಿಯುದ್ದಕ್ಕೂ ಒಳ್ಳೆಯ ಚಾರ್ಜರ್‌ಗಳಿದ್ದರೆ, ರಸ್ತೆಯ ಮಿತಿಯೊಳಗೆ ಜೋರಾಗಿ ಹೋಗುವುದೇ ಲಾಭ. ಚಾರ್ಜರ್ ದೂರ ಇದ್ದಾಗ, ಹವೆ ಕೆಟ್ಟಾಗ ಮಾತ್ರ ವೇಗ ಇಳಿಸಬೇಕು. ಆಗ ನಮ್ಮ ಕೈಯಲ್ಲಿರುವ ಎಲ್ಲಾ ಉಪಾಯಗಳಲ್ಲಿ ಅದೇ ದೊಡ್ಡದು. ಎಲ್ಲಾ ಕಡೆ, ಎಲ್ಲಾ ಕಾಲದಲ್ಲೂ 70ರಲ್ಲಿ ಹೋಗಬೇಕೆನ್ನುವವರ ಜೊತೆ ನಾನಿಲ್ಲ.

ಚಾರ್ಜರಿನಲ್ಲಿ ಎರಡು ಗನ್. ಒಂದರ ಸ್ಕ್ರೀನ್ ಕಪ್ಪಾಗಿ ಸತ್ತು ಕೂತಿತ್ತು. ಇನ್ನೊಂದರಲ್ಲಿ ಒಂದು ಕಾರು 88%ರಲ್ಲಿತ್ತು, ನಿಧಾನಕ್ಕೆ ತುಂಬುತ್ತಿತ್ತು. ಅದರ ಮಾಲೀಕರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಹೋಗಬೇಕಾದ್ದು ಬರೀ 40 ಕಿ.ಮೀ. ದೂರ. ಪಾಪ, ಕೂಡಲೇ ತೆಗೆದುಕೊಟ್ಟರು. ಮಳೆಯಲ್ಲಿ ಮುಂದಿನ ಊರಿಗೆ ಹೋಗುವುದು ತಪ್ಪಿತು. ಆ 16% ಇಲ್ಲದಿದ್ದರೆ ನಾನು ಅವರ ಹತ್ತಿರ ಅಷ್ಟು ಸಮಾಧಾನದಿಂದ ಮಾತಾಡುತ್ತಿರಲಿಲ್ಲ. ಎರಡು ಗನ್ ಇರುವ ಕಡೆ ಒಂದು ಕೆಟ್ಟಿದ್ದರೆ ಆ ರಸ್ತೆಯ ಎಲ್ಲಾ ಕಾರುಗಳ ರೇಂಜ್ ಕಡಿಮೆಯಾದ ಹಾಗೆಯೇ. ಚಾರ್ಜರ್ ನಡೆಸುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಹೊಸ ಚಾರ್ಜರ್ ಹಾಕುವುದರ ಜೊತೆ, ಇರುವುದನ್ನು ಓಡುವಂತೆ ಇಡಬೇಕು.

ಕಾಯುವಾಗ ಅಕ್ಕನ ಮಗಳು ಗಾಳಿಯನ್ನು ಸೋಲಿಸಲು ಆಗುವುದೇ ಇಲ್ಲವಾ ಎಂದು ಕೇಳಿದಳು. ಆಗುತ್ತದೆ, ಆಕಾರದಿಂದ. 2022ರಲ್ಲಿ ಮರ್ಸಿಡಿಸ್‌ನ ವಿಷನ್ ಇಕ್ಯೂಎಕ್ಸ್‌ಎಕ್ಸ್ ಎಂಬ ಪ್ರಾಯೋಗಿಕ ಕಾರು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಸಿಂಡೆಲ್‌ಫಿಂಗೆನ್‌ನಿಂದ ಫ್ರಾನ್ಸಿನ ಕಾಸಿಸ್‌ಗೆ ಒಂದೇ ಚಾರ್ಜಿನಲ್ಲಿ 1,008 ಕಿ.ಮೀ. ಹೋಯಿತು. ಬ್ಯಾಟರಿ 100 ಯೂನಿಟ್‌ಗಿಂತ ಕಡಿಮೆ, ಖರ್ಚು 100 ಕಿ.ಮೀ.ಗೆ 8.7 ಯೂನಿಟ್. ಅದರ ಗಾಳಿ ತಡೆಯ ಅಂಕ 0.17, ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ರಸ್ತೆಯಲ್ಲಿ ಕಾಣುವ ಬಹುತೇಕ ಕಾರುಗಳದ್ದು 0.25, 0.30ರ ಆಸುಪಾಸು. ಎತ್ತರದ, ಚೌಕಾಕಾರದ ದೊಡ್ಡ ಕಾರುಗಳ ಮೇಲೆ ಜನರಿಗಿರುವ ಆಸೆ ನೋಡಿದಾಗ ನನಗೆ ಈ ಅಂಕಿ ನೆನಪಾಗುತ್ತದೆ. ದೊಡ್ಡ ಬ್ಯಾಟರಿ ಹಾಕಿ ರೇಂಜ್ ಪಡೆಯಬಹುದು. ನುಣುಪಾದ ಆಕಾರದಿಂದಲೂ ಪಡೆಯಬಹುದು, ಅದಕ್ಕೆ ತೂಕವಿಲ್ಲ.

ಆರನೇ ದಿನ: ಊರೊಳಗೆ, ಮನೆಗೆ

ಕೊನೆಯ ದಿನ ಹೆಚ್ಚು ಹೇಳುವಂಥದ್ದಿಲ್ಲ, ಒಂದು ಟ್ರಾಫಿಕ್ ಜಾಮ್ ಬಿಟ್ಟು. ದಾರಿಯ ನಡುವೆ ಸಿಕ್ಕ ದೊಡ್ಡ ನಗರದಲ್ಲಿ 15 ಕಿ.ಮೀ. ದಾಟಲು ಒಂದು ಗಂಟೆ ಆಯಿತು. ಬಿಸಿಲಿತ್ತು, ಎಸಿ ಆನ್ ಇತ್ತು. "ಇಲ್ಲೇ ಸಿಕ್ಕಿಹಾಕಿಕೊಂಡರೆ ಬ್ಯಾಟರಿ ಖಾಲಿ ಆಗಲ್ವೇನೋ?" ಎಂದು ಅಕ್ಕ ಕೇಳಿದಳು. ನಿಂತ ಕಾರಿನಲ್ಲಿ ಎಸಿ ಗಂಟೆಗೆ ಒಂದು, ಒಂದೂಕಾಲು ಯೂನಿಟ್ ತಿನ್ನುತ್ತದೆ. 2%. ಅರ್ಧ ಬ್ಯಾಟರಿ ಇದ್ದರೆ ಇಡೀ ಹಗಲು ರಾತ್ರಿ ಕೂರಬಹುದು. ಟ್ರಾಫಿಕ್‌ನಲ್ಲಿ 100 ಕಿ.ಮೀ.ಗೆ ಇಷ್ಟು ಎಂದು ನೋಡಿದರೆ ಅಂಕಿ ಕೆಟ್ಟದಾಗಿ ಕಾಣುತ್ತದೆ, ನಮಗೂ 18 ಬಂತು. ಆದರೆ ಹೋದ ದೂರ ಅಷ್ಟು ಕಡಿಮೆಯಾದ್ದರಿಂದ ಬ್ಯಾಟರಿಯಿಂದ ಹೋದದ್ದು 5% ಮಾತ್ರ. ಎಸಿ, ಹೀಟರ್ ಖರ್ಚು ಕಿ.ಮೀ. ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು. ಟ್ರಾಫಿಕ್ ಬಿಡಿಸಿಕೊಂಡು 30, 40ರಲ್ಲಿ ಓಡಾಡುವ ಊರಿನ ಓಟದಲ್ಲಂತೂ ಈ ಕಾರು ಅತಿ ಕಡಿಮೆ ತಿನ್ನುತ್ತದೆ. ಪೆಟ್ರೋಲ್ ಕಾರಿಗೆ ಹೆದ್ದಾರಿಯಲ್ಲಿ ಮೈಲೇಜ್ ಜಾಸ್ತಿ, ಊರೊಳಗೆ ಕಡಿಮೆ. ಇದಕ್ಕೆ ಅದು ತಿರುಗುಮುರುಗು.

ಮನೆ ಮುಟ್ಟಿದಾಗ ಇಡೀ ಪ್ರವಾಸದ ಸರಾಸರಿ 100 ಕಿ.ಮೀ.ಗೆ 16 ಯೂನಿಟ್‌ನ ಹತ್ತಿರ ಇತ್ತು.

ಭಾವ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರ ಅಮ್ಮ ಇರುವ ಊರು 210 ಕಿ.ಮೀ. ದೂರ, ಹೋಗುವ ದಾರಿಯಲ್ಲಿ ಚಾರ್ಜರ್ ಇಲ್ಲ. ರಾತ್ರಿ ಇಬ್ಬರೂ ಪುಸ್ತಕ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆವು. 100ರ ವೇಗ, ಎಸಿ, 17 ಯೂನಿಟ್‌ನಂತೆ 36 ಯೂನಿಟ್. ಮಳೆಗಾಲದ ಎದುರು ಗಾಳಿಯಲ್ಲಿ 21ರಂತೆ 44. ಹೊಸ 60 ಯೂನಿಟ್ ಬ್ಯಾಟರಿಗೆ ಎರಡೂ ತೊಂದರೆಯಿಲ್ಲ. 40 ಯೂನಿಟ್‌ನ ಚಿಕ್ಕ ಕಾರು ಕಾಗದದಲ್ಲಿ 300 ಎಂದರೂ ಅವರಿಗೆ ಆಗುವುದಿಲ್ಲ.

"ಹಳತಾದ ಮೇಲೆ?" ಎಂದರು.

ಬಹಳಷ್ಟು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ತನಕ ಬ್ಯಾಟರಿ 70%ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ವಾರಂಟಿ ಕೊಡುತ್ತವೆ. ಸಾಮಾನ್ಯವಾಗಿ ಅಷ್ಟು ಕೆಳಗೆ ಬರುವುದಿಲ್ಲ, ಆದರೂ ಅದನ್ನೇ ಹಿಡಿದುಕೊಳ್ಳೋಣ ಅಂದೆ. 60ರಲ್ಲಿ 70% ಎಂದರೆ 42 ಯೂನಿಟ್. ಬಿಸಿಲಿನ ದಿನ 36 ಖರ್ಚಾಗಿ 6 ಉಳಿಯುತ್ತದೆ. ಮಳೆಗಾಲದಲ್ಲಿ 80ಕ್ಕೆ ಇಳಿಸಿದರೂ ಕೊನೆಯ ತನಕ ಪರ್ಸೆಂಟ್ ನೋಡುತ್ತಲೇ ಹೋಗಬೇಕಾಗುತ್ತದೆ. ಅಮ್ಮನ ಮನೆಯಲ್ಲಿ ದಪ್ಪ ಪಿನ್ನಿನ ಪ್ಲಗ್ ಇದೆಯಾ ಎಂದು ಕೇಳಿದೆ. ಪಂಪಿನ ಹತ್ತಿರ ಒಂದು ಇದೆ, ವೈರ್ ಗಟ್ಟಿಯಿದೆಯಾ ನೋಡಿಸಬೇಕು ಎಂದರು. ರಾತ್ರಿ ನಿಂತರೆ 10 ಗಂಟೆಯಲ್ಲಿ 25 ಯೂನಿಟ್‌ಗಿಂತ ಜಾಸ್ತಿ ಸಿಗುತ್ತದೆ, ವಾಪಸ್ ಬರಲು ಎರಡು ರಾತ್ರಿ ಬೇಕು.

ಭಾವ ಮ್ಯಾಪ್ ತೆಗೆದು ಸ್ವಲ್ಪ ಸುತ್ತಿನ ದಾರಿಯೊಂದನ್ನು ನೋಡಿದರು. 18 ಕಿ.ಮೀ. ಜಾಸ್ತಿ, ಆದರೆ ನಡುವೆ ನಾಲ್ಕು ಗನ್ ಇರುವ ಚಾರ್ಜರ್ ಇದೆ. "ಮುಂದಿನ ವಾರ ನಿನ್ನ ಕಾರು ಕೊಡು. ಹೋಗುವಾಗ ಮಾಮೂಲಿ ದಾರಿ, ಬರುವಾಗ ಸುತ್ತಿನ ದಾರಿ. ನನ್ನ ವೇಗದಲ್ಲೇ ಓಡಿಸಿ ನೋಡ್ತೀನಿ" ಎಂದರು. ಪುಸ್ತಕವನ್ನೂ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದೆ.